ಎಣ್ಣೆಯ ಡಬ್ಬಿಗಳು ಹೊಸ್ತಿಲು ದಾಟಿದ ದಿನ

ನಮ್ಮ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದಿಲ್ಲ, ಜೋಳದ ಚೀಲದಲ್ಲಿ ಹುಳ ಸಾಯಿಸುವ ಗುಳಿಗೆ ಇಡುವುದಿಲ್ಲ, ತೋಟದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಒಗೆಯುವುದಿಲ್ಲ. ಬಂದವರು ಇದನ್ನೆಲ್ಲ ನೋಡಿ, ಆರೋಗ್ಯದ ಮೇಲೆ ನಿಮಗೆಷ್ಟು ಕಾಳಜಿ ಎಂದು ಹೊಗಳುತ್ತಾರೆ. ಕೇಳಿ ನನ್ನ ಮೈ ಉರಿಯುತ್ತದೆ. ಈ ಶಿಸ್ತು ನಮ್ಮ ಮನೆಗೆ ಬಂದದ್ದು ಕಾಳಜಿಯಿಂದಲ್ಲ, ಊದುಗೊಳವೆಯ ಏಟಿನಿಂದ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಕಾಗವಾಡದ ಬಳಿಯ ಈ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ಹಿರಿಯ ಸೊಸೆಯನ್ನು, ಅಂದರೆ ನನ್ನ ನೆಗೆಣ್ಣಿಯನ್ನು, ಅಕ್ಕ ಎಂದೇ ಕರೆಯುತ್ತಿದ್ದೆ. ಕಬ್ಬು ತೆಗೆದು ದ್ರಾಕ್ಷಿ ಹಚ್ಚಿದ ಹುರುಪು ಆಗ ಮನೆತುಂಬ. ದ್ರಾಕ್ಷಿಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ತೋಟದಲ್ಲಿಟ್ಟರೆ ಕಳ್ಳರ ಪಾಲಾಗುತ್ತದೆ ಎಂದು ಅತ್ತೆ ಆ ಡಬ್ಬಿ, ಬಾಟಲಿಗಳನ್ನೆಲ್ಲ ನಡುಮನೆಯ ಮಂಚದ ಕೆಳಗೆ ಇಡಿಸಿದ್ದರು. ಮಂಚದ ಮೇಲೆ ಮಕ್ಕಳು ಮಲಗುತ್ತಿದ್ದವು. ಅಟ್ಟದ ಮೇಲೆ ಇಲಿ ಪಾಷಾಣ, ಗೂಡಿನಲ್ಲಿ ದನದ ಮೈಯ ಉಣ್ಣಿಹುಳಕ್ಕೆ ಹಚ್ಚುವ ಪುಡಿ. ಖಾಲಿಯಾದ ಡಬ್ಬಿಗಳನ್ನು ತೊಳೆದು ಸೀಮೆಎಣ್ಣೆ ತುಂಬುತ್ತಿದ್ದೆವು. ಈ ವಾಸನೆಗೆ ತಲೆ ಸಿಡಿಯುತ್ತದೆ ಎಂದು ಅಕ್ಕ ಒಮ್ಮೆ ಅಂದದ್ದಕ್ಕೆ, ಅರಮನೆಯಿಂದ ಬಂದವಳು ಎಂದು ಅತ್ತೆ ವಾರಗಟ್ಟಲೆ ಹಂಗಿಸಿದ್ದರು.

ದಸರೆಯ ಆಚೀಚೆ ನಮ್ಮಲ್ಲಿ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ. ಕತ್ತರಿಸಿದ ಕಡ್ಡಿಯ ಚಿಗುರುಗಣ್ಣುಗಳು ಒಂದೇ ಸಲ ಒಡೆಯಲಿ ಎಂದು ಅವಕ್ಕೆ ಪೇಸ್ಟ್ ಎನ್ನುವ ರಾಸಾಯನಿಕ ಹಚ್ಚುತ್ತಾರೆ. ಹಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಕಾಣಲು ಅದಕ್ಕೆ ಕೆಂಪು ಬಣ್ಣ ಕಲಸುತ್ತಾರೆ. ಅಕ್ಕನ ಗಂಡ, ನನ್ನ ಭಾವ, ದಿನವಿಡೀ ಬರಿಗೈಯಲ್ಲೇ ಅರಿವೆ ಅದ್ದಿ ಹಚ್ಚಿ, ಮೊಣಕೈವರೆಗೂ ಕೆಂಪು ಮಾಡಿಕೊಂಡು ಸಂಜೆ ಮನೆಗೆ ಬಂದ. ಬಂದವನೇ ಮಗಳನ್ನು ಎತ್ತಿಕೊಳ್ಳಲು ಹೋದ. ಕೈ ತೊಳೆದು ಮುಟ್ಟಿರಿ ಎಂದು ಅಕ್ಕ ಅಂದಳು. ಅಷ್ಟಕ್ಕೇ ಅವಳ ಕೆನ್ನೆಗೆ ಬಾರಿಸಿದ. ಐದೂ ಬೆರಳು ಕೆಂಪಗೆ ಮೂಡಿದವು.

"ನಿನ್ನ ಕೈ ಸೇದಿ ಹೋಗ್ಲಿ," ಎಂದು ಅಕ್ಕ ಶಾಪ ಹಾಕುತ್ತ ಗೊಣಗಿದಳು. ಅದು ಅತ್ತೆಯ ಕಿವಿಗೆ ಬಿತ್ತು.

ಭಾವ ಪಡಸಾಲೆಯಲ್ಲಿ ಕೂತು ದಾರು ಕುಡಿದ. ಅಕ್ಕ ಬಡಿಸಿದ ರೊಟ್ಟಿ, ಬದನೆಕಾಯಿ ಪಲ್ಯ ಉಂಡ. ಉಂಡು ಏಳುವಷ್ಟರಲ್ಲಿ ಮುಖ, ಕುತ್ತಿಗೆ, ಎದೆ ಎಲ್ಲ ಕೆಂಡದಂತಾಯಿತು. ಎದೆ ಹಿಡಿದುಕೊಂಡ, ಉಸಿರಿಗೆ ಬಾಯಿ ಬಿಟ್ಟ, ಉಂಡದ್ದನ್ನೆಲ್ಲ ಕಾರಿ ಅದರಲ್ಲೇ ಕವುಚಿ ಬಿದ್ದ. ನನ್ನ ಗಂಡ ನೆರೆಮನೆಯವರ ಜೀಪಿನಲ್ಲಿ ಅವನನ್ನು ಹಾಕಿಕೊಂಡು ಮಿರಜದ ಆಸ್ಪತ್ರೆಗೆ ಓಡಿದ.

ಜೀಪು ಮರೆಯಾಗುತ್ತಲೇ ಅತ್ತೆ ಬಾಗಿಲಿಗೆ ಚಿಲಕ ಹಾಕಿದರು. ಮಂಚದ ಕೆಳಗಿನ ಬಾಟಲಿಗಳನ್ನು ಒಂದೊಂದಾಗಿ ಎಳೆದು, ಊಟದಲ್ಲಿ ಯಾವುದನ್ನು ಹಾಕಿದೆ ಎಂದು ಅಕ್ಕನನ್ನು ಕೇಳಿದರು. ಯಾವುದರಲ್ಲಿ ಎಷ್ಟಿತ್ತು, ಎಷ್ಟು ಕಡಿಮೆಯಾಗಿದೆ ಎಂದು ಯಾರು ನೋಡಿಟ್ಟಿದ್ದರು? ಎಲ್ಲವೂ ಅರ್ಧಂಬರ್ಧ ಖಾಲಿ. ತಾನು ಹಾಕಿಲ್ಲ ಎಂದು ತೋರಿಸಲು ಅಕ್ಕನಿಗೆ ದಾರಿಯೇ ಇರಲಿಲ್ಲ. ಅತ್ತೆ ದೇವರ ಜಗಲಿಯಿಂದ ಮಂಗಸೂಳಿ ಮಲ್ಲಯ್ಯನ ಭಂಡಾರದ, ಅಂದರೆ ಪ್ರಸಾದದ ಅರಿಶಿನದ, ಬಟ್ಟಲು ತಂದು ಮುಂದಿಟ್ಟರು. ಅಕ್ಕ ಭಂಡಾರ ಮುಟ್ಟಿ ಆಣೆ ಮಾಡಿದಳು.

"ಗಂಡಗ ವಿಷಾ ಹಾಕಾಕಿಗಿ ದೇವರ ಆಣಿ ಯಾ ಲೆಕ್ಕ," ಎಂದು ಅತ್ತೆ ಒಲೆಯ ಮುಂದಿನ ಕಬ್ಬಿಣದ ಊದುಗೊಳವೆ ಎತ್ತಿಕೊಂಡರು. ಬೆನ್ನಿಗೆ ಬಿತ್ತು, ಸೊಂಟಕ್ಕೆ ಬಿತ್ತು. ತಲೆ ಉಳಿಸಿಕೊಳ್ಳಲು ಎತ್ತಿದ ಎಡಗೈಗೆ ಬಿದ್ದಾಗ ಮಣಿಕಟ್ಟಿನ ಎಲುಬು ಲಟಕ್ಕೆಂದಿತು. ನಾನು ಅತ್ತೆಯ ರಟ್ಟೆಗೆ ಜೋತುಬಿದ್ದೆ. ನನ್ನ ಹುಬ್ಬಿನ ಮೇಲಿನ ಗಾಯದ ಕಲೆ ಆಗಿನದೇ. ಮಂಚದ ಮೇಲೆ ಮಕ್ಕಳು ಕಿರುಚುತ್ತಲೇ ಇದ್ದವು. ಅತ್ತೆ ನಿಲ್ಲಿಸಿದ್ದು ಕರುಣೆ ಬಂದಲ್ಲ, ಕೈ ಸೋತು.

ಮರುದಿನ ಬೆಳಿಗ್ಗೆ ನನ್ನ ಗಂಡ ಬಂದ. ಜೀವಕ್ಕೆ ಭಯವಿಲ್ಲ ಎಂದ. ಭಾವನ ಕೆಂಪು ಕೈ ನೋಡಿದ ಡಾಕ್ಟರು ಮೊದಲು ಕೇಳಿದ್ದೇ ಚಾಟಣಿ ನಡೆದಿದೆಯಾ ಎಂದು. ಆ ಪೇಸ್ಟು ಚರ್ಮದಿಂದ ಒಳಗೆ ಇಳಿಯುತ್ತದಂತೆ, ಮೇಲೆ ದಾರು ಬಿದ್ದರೆ ಮೈ ಹೀಗೇ ತಿರುಗಿ ಬೀಳುತ್ತದಂತೆ. ಊಟದಲ್ಲಿ ಏನೂ ಇರಲಿಲ್ಲ. ಕೇಳಿದ ಅತ್ತೆ ಒಳಗೆ ಹೋಗಿ ಚಹಾಕ್ಕೆ ಇಟ್ಟರು. ಆ ಚಹಾದ ಪಾತ್ರೆಯನ್ನು ಅವರ ಮೇಲೇ ಸುರಿಯಬೇಕು ಅನ್ನಿಸಿತ್ತು ನನಗೆ.

ಅಕ್ಕ ಎದ್ದಳು. ಎಡಗೈಗೆ ಸೀರೆಯ ತುಂಡು ಸುತ್ತಿತ್ತು, ಕೆನ್ನೆಯ ಕೆಂಪು ಬೆರಳುಗಳು ಹಾಗೇ ಇದ್ದವು. ಬಲಗೈಯೊಂದರಲ್ಲೇ ಮಂಚದ ಕೆಳಗಿನ ಬಾಟಲಿ, ಡಬ್ಬಿಗಳನ್ನು ಎಳೆದೆಳೆದು ಅಂಗಳಕ್ಕೆ ಎಸೆದಳು. ಪಾಷಾಣ ಹೋಯಿತು, ಪುಡಿ ಹೋಯಿತು, ಸೀಮೆಎಣ್ಣೆಯ ಡಬ್ಬಿಯೂ ಹೋಯಿತು. ಒಂದೆರಡು ಬಾಟಲಿ ಒಡೆದು ಘಾಟು ಎದ್ದಿತು. ನಾನು ಮಕ್ಕಳನ್ನು ಎತ್ತಿಕೊಂಡು ನೆರೆಮನೆಗೆ ಓಡಿದೆ. ಒಡೆದ ಬಾಟಲಿಯ ಹತ್ತಿರ ಕೆದರಿದ ಹುಂಜ ಮಧ್ಯಾಹ್ನದೊಳಗೆ ಕಾಲು ಚಾಚಿತು.

ಭಾವ ಆಸ್ಪತ್ರೆಯಿಂದ ಬಂದಾಗ ಅಕ್ಕ ಹೊಸ್ತಿಲ ಮೇಲೆ ಕುಡಗೋಲು ಹಿಡಿದು ನಿಂತಿದ್ದಳು. ಎಣ್ಣೆಯೆಲ್ಲ ತೋಟದ ಶೆಡ್ಡಿನಲ್ಲಿ ಬೀಗದೊಳಗೆ ಇರಬೇಕು, ಕೀಲಿ ಗಂಡಸರ ಹತ್ತಿರ ಇರಬೇಕು, ತೋಟದ ಬಟ್ಟೆ ಅಲ್ಲೇ ಬಿಚ್ಚಿ ಮೈ ತೊಳೆದು ಮನೆಗೆ ಬರಬೇಕು ಎಂದಳು. ಅವನು ಕೈ ಎತ್ತಿದ.

"ಎತ್ತಿದ ಕೈ ಇಳಸರಿ. ಇಲ್ಲಾಂದ್ರ ನಾನಽ ಇಳಸ್ತೇನಿ," ಎಂದಳು ಅಕ್ಕ.

ಕುಡಗೋಲು ಅಲುಗಲಿಲ್ಲ. ಭಾವನ ಕೈ ಇಳಿಯಿತು. ಅವನ ಕೈ ಮತ್ತೆ ಅವಳ ಮೇಲೆ ಬಿದ್ದದ್ದನ್ನು ನಾನು ನೋಡಿಲ್ಲ.

ಆಮೇಲೆ ಜೋಳಕ್ಕೆ ಬೇವಿನ ಎಲೆ ಬಂತು, ಇಲಿಗೆ ಬೆಕ್ಕು ಬಂತು, ನೆಲ ಒರೆಸುವ ಘಾಟು ನೀರೂ ಹೊರಗೆ ಹೋಯಿತು. ಮಕ್ಕಳ ಕೆಮ್ಮು ಕಡಿಮೆಯಾಯಿತು. ಹುಟ್ಟಿನಿಂದಲೇ ಬಂದದ್ದು ಅಂದುಕೊಂಡಿದ್ದ ನನ್ನ ತಲೆನೋವೂ ಹೋಯಿತು. ಆದರೆ ಅಕ್ಕ ಇದನ್ನೆಲ್ಲ ಲೆಕ್ಕಕ್ಕೇ ಹಿಡಿಯಲಿಲ್ಲ. ತೋಟಕ್ಕೆ ಹೋದರೂ ಆ ಶೆಡ್ಡಿನ ಬಾಗಿಲ ನೆರಳಿಗೂ ಅವಳು ಹೋಗುತ್ತಿರಲಿಲ್ಲ.

ವರ್ಷಗಳು ಕಳೆದು ಅತ್ತೆ ಹಾಸಿಗೆ ಹಿಡಿದರು. ಉಣ್ಣಿಸುವುದು, ಒರೆಸುವುದು ಎಲ್ಲ ಅಕ್ಕನೇ. ಕೃಷ್ಣೆಗೆ ಮಹಾಪೂರ ಬಂದಿಳಿದ ವರ್ಷ ಸೊಳ್ಳೆ ವಿಪರೀತವಾಯಿತು. ಒಂದು ಸೊಳ್ಳೆಬತ್ತಿಯಾದರೂ ಹಚ್ಚು ತಾಯಿ ಎಂದು ಅತ್ತೆ ಒಂದು ಸಂಜೆ ಗೋಗರೆದರು. ಅಕ್ಕ ಮಂಚದ ಸುತ್ತ ಸೊಳ್ಳೆಪರದೆ ಬಿಗಿಯುತ್ತಿದ್ದಳು.

"ವಿಷದ್ದು ಒಂದು ಕಡ್ಡಿನೂ ಒಳಗ ಬ್ಯಾಡ್ರಿ ಅತ್ತಿ. ನಾಳೆ ನಿಮಗೇನರ ಆದ್ರ ಯಾರನ್ನ ಕೇಳ್ತಾರ?"

ಅತ್ತೆ ಅವಳ ಮುಖ ನೋಡಲಿಲ್ಲ, ಎಡಗೈಯ ಮಣಿಕಟ್ಟನ್ನೇ ನೋಡುತ್ತಿದ್ದರು. ಸೊಟ್ಟಗೆ ಕೂಡಿಕೊಂಡ ಆ ಕೈಯಿಂದಲೇ ಅಕ್ಕ ಪರದೆಯ ನಾಲ್ಕನೆಯ ಮೂಲೆಯ ಗಂಟು ಕಟ್ಟಿದಳು.