ಮೈಲಿಗೆ ಇಲ್ಲದ ಮನೆಯ ಮೂರು ದಿನ

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಗೌಂಡಿ ಕೆಲಸಕ್ಕೆ ನಿಂತವನು. ದಿನಾ ಚೌಡಾಪುರದಿಂದ ಸೈಕಲ್ ತುಳಿದು ಹೋಗಿ ಗಾಣಗಾಪುರದಲ್ಲಿ ಲಾಡ್ಜುಗಳ ಗೋಡೆ ಎಬ್ಬಿಸಿದ್ದೇನೆ. ಒಂದಾದರೂ ಸೊಟ್ಟ ಇದ್ದರೆ ಬಂದು ನನ್ನ ಮೀಸೆ ಬೋಳಿಸಿ. ಅಂಥ ನಾನು ಎಂಬತ್ತರ ದಶಕದಲ್ಲಿ ಒಮ್ಮೆ ಜೋಳದ ಹಿಟ್ಟಿನ ಮುಂದೆ ಸೋತೆ.

ಹೆಂಡತಿಗೆ ಪ್ರತಿ ತಿಂಗಳು ಮುಟ್ಟಾದಾಗ ಹೊಟ್ಟೆ ಹಿಂಡುವ ನೋವು. ಹಿಂದಿನ ಓಣಿಯ ಹೆಂಗಸರು ಮೂರು ದಿನ ಹೊರಗೆ ಕೂತು, ತಾಟಿಗೆ ಬಂದದ್ದು ಉಣ್ಣುತ್ತಿದ್ದರು. ನಮ್ಮದು ಲಿಂಗ ಕಟ್ಟಿದ ಮನೆ, ಮೈಲಿಗೆ ಇಲ್ಲ. ಮೈಲಿಗೆ ಇಲ್ಲ ಎಂದಮೇಲೆ ರಜೆಯೂ ಇಲ್ಲ. ಒಂದು ಕೈ ಹೊಟ್ಟೆಯ ಮೇಲಿಟ್ಟು ಇನ್ನೊಂದು ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಬಿದ್ದು ಮುಂಗೈ ಮುರಿದುಕೊಂಡಿದ್ದಳು, ರೊಟ್ಟಿ ಬಡಿಯಲಾರಳು. ಬಾಯಿ ಮಾತ್ರ ಗಟ್ಟಿ ಇತ್ತು.

"ನಾವೇನ್ ಹೆಣ್ಣಾಗಿ ಹುಟ್ಟಿಲ್ಲೇನ್ ಬೇ? ಶರಣರ ಮನ್ಯಾಗ ಇದಕ್ಕೆಲ್ಲ ಮಲಗೋ ಪದ್ಧತಿ ಇಲ್ಲ."

"ಶರಣರು ಮೈಲಿಗಿ ಇಲ್ಲ ಅಂದಾರ್ರಿ ಅತ್ತಿ," ಅಂದಳು ಹೆಂಡತಿ. "ನೋವಿಲ್ಲ ಅಂತ ಎಲ್ಲಿ ಅಂದಾರ?"

ನಾನು ನಕ್ಕೆ. ಅವ್ವ ತಿರುಗಿ ನೋಡಿದಳು. ನಗು ನುಂಗಿದೆ.

ಒಂದು ತಿಂಗಳಂತೂ ಹೆಂಡತಿ ಹಂಚಿನ ಮುಂದೆಯೇ ಹೊರಳಿಬಿದ್ದಳು. ಹೆದರಿ, ಪಕ್ಕದ ಮನೆಯ ಮುಸಲ್ಮಾನ ಮುದುಕಿಯನ್ನು ಕರೆತಂದೆ; ಎಲ್ಲರೂ ಆಕೆಯನ್ನು ಖಾಲಾ, ಅಂದರೆ ಚಿಗವ್ವ, ಅನ್ನುತ್ತಿದ್ದರು. ಊರಿನ ಅರ್ಧ ಮಂದಿ ಆ ಸೂಲಗಿತ್ತಿಯ ಕೈಯಲ್ಲೇ ಹುಟ್ಟಿದವರು, ನಾನೂ. ಆಕೆ ಅಜವಾನ, ಬೆಲ್ಲ ಕುದಿಸಿ ಕುಡಿಸಿದಳು, ಹೊಟ್ಟೆಗೆ ಬೆಚ್ಚಗಿನ ಔಡಲೆಣ್ಣೆ ಸವರಿದಳು, ಇಟ್ಟಂಗಿ ಕಾಯಿಸಿ ಬಟ್ಟೆ ಸುತ್ತಿ ಇಡಲು ಹೇಳಿದಳು. ಇಟ್ಟಂಗಿ ಅಂದದ್ದೇ ತಡ, ನನಗೆ ಹುರುಪು. ಬಡಿದರೆ ಟಣ್ ಅನ್ನುವಂಥ ಇಟ್ಟಿಗೆಯನ್ನೇ ಆರಿಸಿ ತಂದೆ.

"ಇದು ಅರ್ಧ ಔಷಧ, ಬೇಟಾ," ಅಂದಳು ಖಾಲಾ. "ಉಳಿದ ಅರ್ಧ ಮೂರು ದಿನ ಆರಾಮ. ಒಲಿ ಮುಂದ ಕೂಡಬಾರ್ದು."

"ಮತ್ತ ರೊಟ್ಟಿ ಯಾರು ಬಡೀಬೇಕು?" ಅಂದಳು ಅವ್ವ.

"ಯಾಕ, ನಿನ್ನ ಮಗಗ ಕೈ ಇಲ್ಲೇನು?"

ನಾನೇ ಒಲೆ ಮುಂದೆ ಕೂತೆ. ಸಿಮೆಂಟಿಗೆ ತಣ್ಣೀರು ಹಾಕಿ ರೂಢಿ. ಹಿಟ್ಟಿಗೂ ಅದನ್ನೇ ಹಾಕಿದೆ. ರೊಟ್ಟಿ ಬಿರಿಯಿತು. ಗೋಡೆಗೆ ಮಾಡುವಂತೆ ಬಿರುಕಿಗೆ ಒದ್ದೆ ಬೆರಳಲ್ಲಿ ಗಿಲಾವು ಮಾಡಿದೆ. ಚಪ್ಪಲಿಯಷ್ಟು ದಪ್ಪವಾಯಿತು. ಹೆಂಡತಿ ಇಟ್ಟಂಗಿ ತಬ್ಬಿಕೊಂಡು ಮಲಗಿದಲ್ಲಿಂದಲೇ ಕೂಗಿದಳು: "ಬಿಸಿನೀರು ಹಾಕ್ರಿ! ಅದು ಗ್ವಾಡಿ ಅಲ್ಲ, ಊಟ!"

ಎರಡನೇ ದಿನಕ್ಕೆ ಆಕೆಯ ನೋವು ಇಳಿಯಿತು. ಮೂರನೇ ದಿನ ಅವ್ವನ ಹೊಟ್ಟೆ ಹಿಡಿಯಿತು. ಎಲ್ಲ ನನ್ನ ಹಸಿಬಿಸಿ ರೊಟ್ಟಿಯ ಪ್ರತಾಪ. ಹೆಂಡತಿ ಎದ್ದು ತನ್ನ ಪಾಲಿನ ಕಷಾಯ ಬಗ್ಗಿಸಿ ಕೊಟ್ಟಳು, ಇಟ್ಟಂಗಿಯನ್ನೂ ಅತ್ತೆಯ ಕಡೆ ಸರಿಸಿದಳು. ಅದನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅವ್ವ ಸೊಸೆಯತ್ತ ಹೊರಳಿದಳು.

"ಬರೋ ತಿಂಗಳೂ ಮಲಗು ಬೇ," ಅಂದಳು. "ಆದರ ಅದಕ್ಕಿಂತ ಮೊದ್ಲ ಇವಗ ರೊಟ್ಟಿ ಬೇಯಿಸೂದು ಕಲಿಸು. ಇಲ್ಲಾಂದ್ರ ಮನಿ ಮಂದಿಗೆಲ್ಲ ಒಂದೊಂದು ಇಟ್ಟಂಗಿ ಬೇಕಾಗ್ತದ."