ಜಾಲರಿಯಲ್ಲಿ ಸಿಕ್ಕ ಹತ್ತಿ

ದಾವಣಗೆರೆಯ ಮೌಲಾ ಸಾಬರಿಗೆ ಮಡಿ ಸ್ವಲ್ಪ ಜಾಸ್ತಿಯೇ ಇತ್ತು. ಮಡಿಯೆಂದರೆ ಅಡುಗೆ ಮನೆಯದಲ್ಲ, ಎಂಜಿನ್ನಿನದು. ಅವರ ಗ್ಯಾರೇಜಿನೆದುರಿನ ನನ್ನ ಬಿಡಿಭಾಗದ ಅಂಗಡಿಯಿಂದ ದಿನವೂ ನೋಡುತ್ತಿದ್ದೆ. ಬಿಚ್ಚಿದ ಎಂಜಿನ್ ಮುಚ್ಚುವ ಮೊದಲು ಒಳಗೆಲ್ಲ ಅವರೇ ಒರೆಸಬೇಕು, ಇನ್ನೊಬ್ಬರು ಕೈ ಹಾಕುವಂತಿಲ್ಲ. ಒರೆಸಲು ಕಾಟನ್ ಮಿಲ್ಲಿನ ವೇಸ್ಟು, ಅಂದರೆ ನೂಲಿನ ಚೂರುಪಾರು. ನಮ್ಮೂರಿನಲ್ಲಿ ಅದಕ್ಕೇನು ಬರ?

೧೯೯೮ರಲ್ಲಿ ನಿಜಲಿಂಗಪ್ಪ ಬಡಾವಣೆಯ ಬಕ್ಕೇಶ್, ರ‍್ಯಾಲಿಯ ಹುಚ್ಚಿಗೆ ತನ್ನ ಕಾರಿನ ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡ. ಕೆಲಸ ಸಾಬರದು. ಎಂಜಿನ್ನಿನೊಳಗೆ ಎಣ್ಣೆ ಹರಿಸುವ ಆಯಿಲ್ ಪಂಪ್ ಕೂರಿಸಿದವನು ಅವರಲ್ಲಿ ವರ್ಷಗಳಿಂದ ದುಡಿಯುತ್ತಿದ್ದ ತಿಪ್ಪೇಶ್. ನಿಂತಲ್ಲಿ ಆಯಿಲ್ ಪ್ರೆಷರ್ ಸರಿಯಾಗಿತ್ತು. ಹರಿಹರದ ರಸ್ತೆಯಲ್ಲಿ ಜೋರು ಬಿಟ್ಟರೆ ಮೀಟರಿನ ಮುಳ್ಳು ಇಳಿಯುತ್ತಿತ್ತು. ಹಾಗೇ ಓಡಿಸಿದರೆ ಎಂಜಿನ್ ಸುಟ್ಟು ಕೂರುತ್ತಿತ್ತು. ಫಿಲ್ಟರ್ ಬದಲಿಸಿದರು, ಮೀಟರ್ ಬದಲಿಸಿದರು, ಏನೂ ಆಗಲಿಲ್ಲ. ಸಾಬರು ಬಕ್ಕೇಶನ ಎದುರೇ ತಿಪ್ಪೇಶನ ಮೇಲೆ ಹರಿಹಾಯ್ದರು.

"ನಿನ್ನ ಕೈಗೆ ಪಂಪ್ ಕೊಟ್ಟಿದ್ದ ತಪ್ಪಾತು."

ತಿಪ್ಪೇಶ್ ಕೆಲಸ ಬಿಟ್ಟು ಹೋಗಿ ಹರಿಹರದ ಟ್ರ್ಯಾಕ್ಟರ್ ಗ್ಯಾರೇಜು ಸೇರಿಕೊಂಡ. ಪಂಪ್ ಕೆಡಿಸಿದವನೆಂಬ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಎಂಜಿನ್ ಮುಟ್ಟಲು ಬಿಡದೆ ಗಾಲಿ ಬಿಚ್ಚುವ ಕೆಲಸಕ್ಕೆ ಹಾಕಿದರು.

ಸಾಬರು ಹೊಸ ಪಂಪ್ ತರಿಸಿದರು. ಎಂಜಿನ್ ಬಿಚ್ಚುವ ಮೊದಲು, ಆಗ ಬದಲಿಸಿ ತೆಗೆದಿಟ್ಟ ಹಳೇ ಫಿಲ್ಟರನ್ನು ಕೊಯ್ದು, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದರು. ಬೇರಿಂಗ್ ಸವೆದಿದ್ದರೆ ಲೋಹದ ಪುಡಿ ಹೊಳೆಯಬೇಕಿತ್ತು. ಅಲ್ಲಿದ್ದದ್ದು ಹತ್ತಿಯ ಎಳೆ. ಅವಸರದಿಂದ ಎಂಜಿನ್ನಿನ ತಳ ಬಿಚ್ಚಿದರು. ಪಂಪ್ ಆಯಿಲ್ ಎಳೆದುಕೊಳ್ಳುವ ಜಾಲರಿಯ ತುಂಬ ಕಪ್ಪಾದ ಹತ್ತಿ. ಜೋರಾಗಿ ಓಡಿದಾಗ ಅದು ಬಿಗಿಯಾಗಿ ಅಂಟಿ ದಾರಿ ಕಟ್ಟುತ್ತಿತ್ತು, ನಿಂತಾಗ ಸಡಿಲುತ್ತಿತ್ತು. ಸಾಬರು ವೇಸ್ಟಿನಿಂದ ಅತಿಯಾಗಿ ಒರೆಸಿದ್ದರ ಫಲ.

ಜಾಲರಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹರಿಹರಕ್ಕೆ ಹೋಗಿ, ತಿಪ್ಪೇಶನನ್ನು ಪಕ್ಕಕ್ಕೆ ಕರೆದು ತಪ್ಪು ತಮ್ಮದೆಂದರು. ಅವನು ಅಷ್ಟಕ್ಕೆ ಒಪ್ಪಲಿಲ್ಲ.

"ಬೈದಿದ್ದು ಬಕ್ಕೇಶಣ್ಣನ ಮುಂದ. ಇದನ್ನೂ ಅವರ ಮುಂದನ ಹೇಳ್ರಿ, ಸಾಬ್ರೇ."

ಸಾಬರು ಅವನನ್ನು ತಮ್ಮ ಗ್ಯಾರೇಜಿಗೆ ಕರೆತಂದು ಹಾಗೇ ಮಾಡಿದರು. ಬಕ್ಕೇಶ್ ನಕ್ಕು ಹೋಗಲಿ ಬಿಡಿ ಎಂದ. ಸಾಬರು ನಗಲಿಲ್ಲ. ಹಳೇ ಪಂಪನ್ನೇ ತಿಪ್ಪೇಶನ ಕೈಗೆ ಕೊಟ್ಟು ದೂರ ನಿಂತರು. ಅವನು ಒಳಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಳೆ ಬಿಡದ ಹಳೇ ಪಂಚೆಯಿಂದ ಒರೆಸಿ ಮುಚ್ಚಿದ.

ಪರೀಕ್ಷೆಗೆಂದು ನಾನೂ ಸೇರಿ ನಾಲ್ವರು ಕಾರು ಹತ್ತಿದೆವು. ಜೋರು ಬಿಟ್ಟರೂ ಹರಿಹರದವರೆಗೆ ಮುಳ್ಳು ಇಳಿಯಲಿಲ್ಲ. ಮುಂದಿನ ಸೀಟಿನಲ್ಲಿದ್ದ ಸಾಬರ ಮುಖ ಅರಳಿತು. ನಾಳೆಯಿಂದ ನಮ್ಮ ಗ್ಯಾರೇಜಿಗೆ ಬಂದುಬಿಡು ಎಂದು ತಿಪ್ಪೇಶನಿಗೆ ಹೇಳಿದರು. ಟ್ರ್ಯಾಕ್ಟರ್ ಗ್ಯಾರೇಜಿನ ಮುಂದೆ ಕಾರು ನಿಂತಾಗ ಅವನು ಬಾಗಿಲು ತೆಗೆದು ಇಳಿದ.

"ಇಲ್ಲೇ ಇರ್ತೀನ್ರಿ. ಗಾಲಿ ಬಿಚ್ಚೋದಾದ್ರೂ ನನ್ನ ಮ್ಯಾಲೆ ಇಲ್ಲಿ ಯಾರೂ ಕೂಗಿಲ್ಲ."

ಬಕ್ಕೇಶ್ ಕಾರು ತಿರುಗಿಸಿದ. ದಾವಣಗೆರೆ ಮುಟ್ಟುವವರೆಗೂ ಸಾಬರು ಮೀಟರಿನ ಕಡೆ ನೋಡಲೇ ಇಲ್ಲ.