ಕುಂಕುಮ ಹಚ್ಚಿದ ಕಂಪ್ಯೂಟರ್

ಮಷೀನು ಇನ್ನೂ ಮನೆಯಲ್ಲಿರುವಾಗಲೇ ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಬ್ಯಾಡಗಿ ಮನೆಯಲ್ಲಿ ಅಜ್ಜಿಯ ಕಾಲದ ಹೊಲಿಗೆ ಯಂತ್ರಕ್ಕೆ ಸೂಜಿ ಸಿಗುತ್ತಿತ್ತು, ಅಪ್ಪನ ಹಳೇ ಸೈಕಲ್ಲಿಗೆ ಚೈನು ಸಿಗುತ್ತಿತ್ತು. ಅಣ್ಣ ಮುಂಬಯಿಯಿಂದ ತಂದ ಕಂಪ್ಯೂಟರಿಗೆ ಮಾತ್ರ ಏನೂ ಸಿಗುವುದಿಲ್ಲ ಎಂದು ಹುಬ್ಬಳ್ಳಿಯ ಅಂಗಡಿಯವ ಚಹಾ ಕುಡಿಯುತ್ತ ಹೇಳಿದ. "ಆ ಕಂಪನಿನ ಇಲ್ರೀಗ," ಎಂದ. ಹವಾಮಾನ ಹೇಳಿದಷ್ಟು ಸಲೀಸಾಗಿ! ನನಗೆ ಮೈ ಉರಿದುಹೋಯಿತು.

ಅದು ಟಿವಿಗೆ ಜೋಡಿಸುವ ಸಣ್ಣ ಕಪ್ಪು ಮಷೀನು. ಮೇಲೆ ರಬ್ಬರಿನ ಗುಂಡಿಗಳು. ಪ್ರೋಗ್ರಾಮು ಬರುವುದು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ. ಮಕ್ಕಳ ಆಟಕ್ಕೆಂದು ತಂದದ್ದು. ಆದರೆ ಅಪ್ಪನಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೇ ಹೋದಾಗ ಆಟದ ಸಾಮಾನು ಅವನ ಪಾಲಿಗೆ ಬಂತು. ಮೊದಲು ಪಾಟಿಯ ಮೇಲೆ ಅಕ್ಷರ ಬರೆದು ಬೆರಳಿಟ್ಟು ತೋರಿಸು ಎಂದೆವು. ಅವನು ಎರಡು ಅಕ್ಷರ ತೋರಿಸುವಷ್ಟರಲ್ಲಿ ಉಳಿದದ್ದನ್ನು ನಾವೇ ಊಹಿಸಿ ಹೇಳಿಬಿಡುತ್ತಿದ್ದೆವು. ಅಪ್ಪ ಸಿಟ್ಟಿನಿಂದ ಪಾಟಿ ಎಸೆದು ಒಡೆದ. ಆಮೇಲೆ ನನ್ನ ಗಂಡ ತಿಂಗಳುಗಟ್ಟಲೆ ಕುಳಿತು, ಚುಕ್ಕಿ ಕೂಡಿಸಿ, ಟಿವಿಯ ಮೇಲೆ ದಪ್ಪ ಕನ್ನಡ ಅಕ್ಷರ ಬರುವಂತೆ ಮಾಡಿ ಕ್ಯಾಸೆಟ್ಟಿಗೆ ತುಂಬಿಕೊಟ್ಟರು.

ಅಂದಿನಿಂದ ಅಪ್ಪ ಎಡಗೈಯ ಒಂದೇ ಬೆರಳಿನಿಂದ ತನ್ನ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿದ. ಸಂಜೆ ಗುಮಾಸ್ತ ಬಂದು ಟಿವಿಯ ಮುಂದೆ ನಿಲ್ಲುತ್ತಿದ್ದ. "ಮಾಲು ಹಸಿ ಐತಿ, ಒಣಗಿಸಿ ತರಾಕ ಹೇಳು" ಎಂದು ಪರದೆಯ ಮೇಲೆ ಮೂಡುತ್ತಿತ್ತು. ಅಪ್ಪನ ಮಾತನ್ನು ಯಾರೂ ಅರ್ಧಕ್ಕೆ ಕಸಿದುಕೊಳ್ಳುವಂತಿರಲಿಲ್ಲ.

ಒಂದು ದಿನ ಗುಂಡಿಗಳು ಕೈಕೊಟ್ಟವು. ಅಂಗಡಿ ಮಂಕಾಯಿತು, ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ನಾನು ಆಗ ಹಾವೇರಿಯಲ್ಲಿ ಶಾಲೆಯ ಶಿಕ್ಷಕಿ. ಅಲ್ಲಿ ಹೊಸದಾಗಿ ಕಂಪ್ಯೂಟರ್ ಕ್ಲಾಸು ತೆರೆದವನ ಹತ್ತಿರ ಒಯ್ದೆ. ಚಪ್ಪಲಿ ಹೊರಗೆ ಬಿಡಿಸಿ ಒಳಗೆ ಕರೆದ. ಮಷೀನು ನೋಡಿದ್ದೇ ನಕ್ಕ.

"ಅಕ್ಕಾರ, ಇದು ಆಟಗಿ ಸಾಮಾನ್ರಿ. ಹೊಸಾದು ತಗೋರಿ."

"ಹೊಸಾದ್ರಾಗ ಈ ಕ್ಯಾಸೆಟ್ ಓಡತೈತೇನು?"

"ಇಲ್ರಿ, ಅದಕ್ಕ ಕ್ಯಾಸೆಟ್ ಅಂದ್ರ ಗೊತ್ತ ಇಲ್ಲ. ಎಲ್ಲಾ ಮತ್ತ ಮೊದಲಿಂದ ಮಾಡಿಸಬೇಕು."

ಹೊಸದು ಬಂದರೆ ಹಳೆಯದರ ಕೆಲಸ ಇನ್ನಷ್ಟು ಚಲೋ ಮಾಡಬೇಕು ಎಂದು ನಾನು ತಿಳಿದಿದ್ದೆ. ಇದು ಹಳೆಯ ಗುರುತನ್ನೇ ಹಿಡಿಯುವುದಿಲ್ಲವಂತೆ! ಚಪ್ಪಲಿ ಮೆಟ್ಟಿಕೊಂಡು ಸಿಟ್ಟಿನಲ್ಲೇ ರಾಣೇಬೆನ್ನೂರಿನ ಬಸ್ಸು ಹತ್ತಿದೆ.

ಅಲ್ಲಿಯ ಟಿವಿ ರಿಪೇರಿಯವ ಮುಚ್ಚಳ ಬಿಚ್ಚಿದ. ಒಳಗೆಲ್ಲ ಕೆಂಪು ಪುಡಿ. ಅವನೂ ಸೀನಿದ, ನಾನೂ ಸೀನಿದೆ, ರೇಡಿಯೋ ಒಯ್ಯಲು ಬಂದ ಗಿರಾಕಿಯೂ ಸೀನಿದ.

"ಅಕ್ಕಾರ, ಒಳಗ ಬ್ಯಾಡಗಿ ಪ್ಯಾಟಿನ ಐತಲ್ರಿ!"

ಗುಂಡಿಗಳ ಕೆಳಗಿನ ತೆಳುವಾದ ಪ್ಲಾಸ್ಟಿಕ್ ಹಾಳೆ ಸೀಳಿತ್ತು. ಅದು ಮಾರುಕಟ್ಟೆಯಲ್ಲಿ ಸಿಗದು. ಇಂಥದ್ದೇ ಇನ್ನೊಂದು ಮಷೀನು ಬೇಕು, ಅದರದ್ದು ಕಿತ್ತು ಇದಕ್ಕೆ ಹಾಕಬೇಕು ಎಂದ. ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಕೊನೆಗೆ ನಮ್ಮ ಶಾಲೆಯ ಶಿಕ್ಷಕಿಯೊಬ್ಬರ ಕರ್ಜಗಿ ಮನೆಯ ಅಟ್ಟದ ಮೇಲೆ, ಜೋಳದ ಚೀಲಗಳ ಹಿಂದೆ, ಮಕ್ಕಳು ಆಡಿ ಬೇಸರಪಟ್ಟು ಬಿಟ್ಟ ಅಂಥದ್ದೇ ಒಂದು ಸಿಕ್ಕಿತು. ಅದರ ಹಾಳೆ ಇದಕ್ಕೆ ಕೂತಿತು. ರಿಪೇರಿಯವನ ಟಿವಿಯಲ್ಲಿ ಅಕ್ಷರ ಮೂಡಿದ್ದನ್ನು ಕಂಡು ನನಗೆ ಕಣ್ಣು ತುಂಬಿ ಬಂತು.

ಮಷೀನು ಹಿಡಿದು ಬ್ಯಾಡಗಿ ಮುಟ್ಟಿದ ದಿನ ಖಂಡೇಪೂಜೆ, ಆಯುಧಗಳ ಪೂಜೆ. ಅವ್ವ ಬಾಗಿಲಲ್ಲೇ ಅದನ್ನು ಇಸಿದುಕೊಂಡಳು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ತಕ್ಕಡಿ, ಕುಡಗೋಲು, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕಂಪ್ಯೂಟರೂ ಕುಳಿತಿತ್ತು. ಗುಂಡಿಗಳಿಗೆ ಕುಂಕುಮ, ಮೇಲೊಂದು ಚೆಂಡುಹೂವು. ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಗೆ ಬನ್ನಿ ಮುಡಿಯುವ ತನಕ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.

ದಾವಣಗೆರೆಯಲ್ಲಿ ನೌಕರಿಯಲ್ಲಿದ್ದ ಅಣ್ಣ ಹಬ್ಬಕ್ಕೆ ಬಂದಿದ್ದ. ಊಟಕ್ಕೆ ಮೊದಲು ಅಪ್ಪನ ಮಂಚದ ಹತ್ತಿರ ಕುಳಿತು, "ಅಪ್ಪಾ, ಅಂಗಡಿ ಬಾಜೂದವ್ರಿಗೆ ಬಿಟ್ಟು ಕೊಡೂಣು. ನಾಳಿ ಬನ್ನಿ ಕೊಟ್ಟು ಮಾತು ಕೊಡತೇನಿ," ಎಂದ.

ಅಪ್ಪ ಎಡಗೈಯಿಂದ ಮಂಚ ಬಡಿದ. ಗಂಟಲಲ್ಲಿ ಏನೋ ಗೊರಗುಟ್ಟಿತು. ಪೂಜೆಯ ಕಡೆ ಕೈ ತೋರಿಸಿದ, ಮತ್ತೆ ಮತ್ತೆ ತೋರಿಸಿದ.

"ಇವತ್ತ ಮುಟ್ಟಂಗಿಲ್ರಿ, ನಾಳಿ ತಗದು ಕೊಡತೇನಿ," ಎಂದು ಅವ್ವ ಅವನ ಎದೆ ಸವರಿದಳು.

"ಅಪ್ಪಗ ಸಮಾಧಾನ ಆತು ನೋಡು, ಕಣ್ಣಾಗ ನೀರು ಬಂದಾವು," ಎಂದ ಅಣ್ಣ. ಊರೂರು ಅಲೆದು ರಿಪೇರಿ ಮಾಡಿಸಿಕೊಂಡು ಬಂದ ನನಗೂ ಆ ಹೂವು ಸರಿಸುವ ಧೈರ್ಯ ಬರಲಿಲ್ಲ.

ಮರುದಿನ ಸಂಜೆ ಅಣ್ಣ ಬನ್ನಿ ಹಿಡಿದು ಪೇಟೆಗೆ ಹೋದ. ಇತ್ತ ಅವ್ವ ದೇವರಿಗೆ ಬನ್ನಿ ಏರಿಸಿದ ಕೂಡಲೇ ನಾನು ಮಷೀನನ್ನು ಟಿವಿಗೆ ಜೋಡಿಸಿ ಕ್ಯಾಸೆಟ್ ಹಚ್ಚಿದೆ. ಅದು ಎಂದಿನಂತೆ ಕಿರ್ರೆಂದು ಅರಚಿಕೊಂಡಿತು. ಅಪ್ಪ ಆಗಲೇ ಬೆರಳು ಚಾಚಿದ್ದ. ಪರದೆ ತೆರೆದದ್ದೇ ತಡ, ಒಂದೊಂದೇ ಅಕ್ಷರ ಬಿತ್ತು.

"ಅಂಗಡಿ ಕೊಡಬ್ಯಾಡ."

ಅಣ್ಣನನ್ನು ತಡೆಯಲು ಓಡಬೇಕೆಂದು ಎದ್ದರೆ ಅವನು ಪೇಢೆಯ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತಿದ್ದ. ಟಿವಿ ಓದಿದ. ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದ.

ಅಪ್ಪ ಅವನ ಮುಖವನ್ನೇ ನೋಡಿದ. ಮತ್ತೆ ಬೆರಳೂರಿದ. "ಮಾತು ಕೊಟ್ಟ ಬಂದಿ?"

"ಹೂಂ ಅಪ್ಪಾ. ಬನ್ನಿ ಕೊಟ್ಟೇ ಬಂದೆ, ಇನ್ನ ತಿರುಗಿಸಾಕ ಬರಂಗಿಲ್ಲ."

ಬೆರಳು ಬಹಳ ಹೊತ್ತು ಗುಂಡಿಯ ಮೇಲೇ ಇತ್ತು. ನಾವು ಯಾರೂ ಊಹಿಸಲಿಲ್ಲ, ಯಾರೂ ನಡುವೆ ಬಾಯಿ ಹಾಕಲಿಲ್ಲ.

"ಹಂಗಾರ ಇರ್ಲಿ," ಎಂದು ಮೂಡಿತು. ಆಮೇಲೆ ಅವ್ವನ ಕಡೆ ತಿರುಗಿ ನೋಡಿ, ಇನ್ನೂ ನಿಧಾನವಾಗಿ ಮುಂದಿನ ಸಾಲು ಒತ್ತಿದ.

"ಮುಂದಿನ ವರ್ಷ ನನ್ನ ಬಾಯಿ ಪೂಜಿಗೆ ಇಡಬ್ಯಾಡ."

ಅವ್ವ ಅದನ್ನು ಎರಡು ಸಲ ಓದಿದಳು. ಆಮೇಲೆ ಮಂಚದ ಅಂಚಿಗೆ ಕುಳಿತು, ಸೆರಗಿನಿಂದ ಗುಂಡಿಗಳ ಮೇಲಿನ ಕುಂಕುಮ ಒರೆಸತೊಡಗಿದಳು.